ರೆಕ್ಕೆ ಹೊಲಿದವಳು

"ಇದಕ್ಕೊಂದು ತೇಪೆ ಹಾಕಿಕೊಡ್ತೀರಾ? ಸ್ವಲ್ಪ ಅರ್ಜೆಂಟು!"

ಹೊಲಿಗೆ ಯಂತ್ರದಿಂದ ತಲೆ ಎತ್ತಿದವಳಿಗೆ ಮೊದಲು ಕಂಡಿದ್ದು ಮನುಷ್ಯನಲ್ಲ, ಬಟ್ಟೆಯ ದೊಡ್ಡ ಉಂಡೆ. ಆ ಉಂಡೆಯ ಮೇಲೆ ಎರಡು ಕಣ್ಣು, ಹಣೆಯಲ್ಲಿ ಎಣ್ಣೆಯ ಕಲೆ. ಅಂಗಡಿ ತುಂಬ ಪೆಟ್ರೋಲಿನ ವಾಸನೆ ಹರಡಿತು.

"ಏನಿದು? ಡೇರೆನಾ?"

"ಅಲ್ಲ... ರೆಕ್ಕೆ."

"ಏನು?!"

"ವಿಮಾನದ ರೆಕ್ಕೆ. ಹಳೇ ವಿಮಾನ ರೀ, ರೆಕ್ಕೆಗೆ ತಗಡಿಲ್ಲ. ಮರದ ಪಟ್ಟಿಗಳು, ಅದರ ಮೇಲೆ ಬಟ್ಟೆ."

ಅವಳು ಅವನನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. 'ಹುಚ್ಚನಾ, ಸುಳ್ಳನಾ? ಎರಡೂ ಇರಬಹುದು...'

"ಇಲ್ಲಿ ನಲವತ್ತು ಯೂನಿಫಾರಂ ಬಿದ್ದಿದೆ. ನಿಮ್ಮ ರೆಕ್ಕೆ ಸರದಿಯಲ್ಲಿ ನಿಂತ್ಕೋಬೇಕು. ಅಳತೆ ತಂದಿದ್ದೀರಾ?"

"ಅಳತೆಗೆ ನೀವೇ ಬರಬೇಕು. ಅದು ಅಂಗಡಿಗೆ ಬರಲ್ಲ."

ಮೂಲೆಯಲ್ಲಿ ಗುಂಡಿಯ ಡಬ್ಬಿ ಹುಡುಕುತ್ತಿದ್ದ ಅಪ್ಪ ಜೋರಾಗಿ ನಕ್ಕುಬಿಟ್ಟರು. ಅವರು ನಕ್ಕು ಎಷ್ಟೋ ದಿನವಾಗಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಅಂಗಡಿಯ ಭಾರವೆಲ್ಲ ಮಗಳ ಮೇಲೆ ಬಿದ್ದಿತ್ತು. ಅಪ್ಪ ನಕ್ಕರಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಟೇಪು ಕೊರಳಿಗೆ ಹಾಕಿಕೊಂಡು ಹೊರಟಳು. ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಳು, ನಾವು ನಂಬಬೇಕಾಗಿಲ್ಲ.

ಊರಿನವರೆಲ್ಲ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಅರ್ಧ ಗೌರವಕ್ಕೆ, ಅರ್ಧ ಗೇಲಿಗೆ. ಇಪ್ಪತ್ತನೇ ವಯಸ್ಸಿಗೆ ಮೋಟಾರುಬೈಕು ಮಾರಿ ಹಾರಾಟ ಕಲಿತವನು. ಆಮೇಲೆ ಐಸ್ ಕಾರ್ಖಾನೆ ಇಟ್ಟ, ಮುಚ್ಚಿದ. ಹೊಳೆಯಲ್ಲಿ ಲಾಂಚು ಓಡಿಸಿದ, ಅದು ಮುಳುಗಿತು. ಕೈ ಹಾಕಿದ ಕಡೆಯೆಲ್ಲ ಕೈ ಸುಟ್ಟುಕೊಂಡರೂ ಸುಮ್ಮನಿರುವ ಜಾತಿಯಲ್ಲ ಅದು. ಕೊನೆಗೆ ಗುಜರಿಯವನ ಹಿತ್ತಲಲ್ಲಿ ಮಳೆಗೆ ನೆನೆಯುತ್ತಿದ್ದ ಈ ವಿಮಾನ ಅವನ ಕಣ್ಣಿಗೆ ಬಿತ್ತು.

ಗುಡ್ಡದಾಚೆಯ ಊರುಗಳಿಗೆ ರಸ್ತೆಯಲ್ಲಿ ಹೋದರೆ ಒಂದೂವರೆ ದಿನ. ಹಾರಿದರೆ ಮುಕ್ಕಾಲು ಗಂಟೆ. ಅಲ್ಲಿಯ ಆಸ್ಪತ್ರೆಗಳಿಗೆ ಔಷಧಿ, ಜನಕ್ಕೆ ಟಪಾಲು, ಬರುವಾಗ ತುರ್ತಾಗಿ ದೊಡ್ಡ ಆಸ್ಪತ್ರೆಗೆ ಬರಬೇಕಾದ ರೋಗಿಗಳು. ಅವನ ತಲೆಯೊಳಗೆ ಒಂದು ಕಂಪನಿ ಆಗಲೇ ಓಡಾಡುತ್ತಿತ್ತು.

ತಗಡಿನ ಶೆಡ್ಡಿನಲ್ಲಿ ಅವಳನ್ನು ಎದುರುಗೊಂಡವರು ಅವನ ಸೋದರಮಾವ. ಬಿಳಿ ಮೀಸೆಯ ಮುದುಕ ಮೆಕ್ಯಾನಿಕ್ಕು. ಅಳಿಯ ಇವರನ್ನು ಮಾವ ಎಂದು ಕರೆದ ಮೇಲೆ ಊರಿಗೆಲ್ಲ ಅವರು ಮಾವನೇ ಆಗಿದ್ದರು.

"ಏನಮ್ಮಾ, ಪ್ಯಾಂಟು ಹೊಲಿಯೋಳಿಗೆ ರೆಕ್ಕೆ ಬರುತ್ತಾ?"

"ಪ್ಯಾಂಟು ಹರಿದ್ರೆ ಮಾನ ಹೋಗುತ್ತೆ ಮಾವ. ಅದಕ್ಕಿಂತ ಗಟ್ಟಿ ಹೊಲೀಬೇಕಾ ಇದನ್ನ?"

"ಇದು ಹರಿದ್ರೆ ಪ್ರಾಣ ಹೋಗುತ್ತೆ ಕಣಮ್ಮಾ."

ಅವಳು ಬಗ್ಗಿ ಬಟ್ಟೆಯ ಅಂಚನ್ನು ಎಳೆದು ನೋಡಿದಳು. ಮಾವ ಮೀಸೆಯೊಳಗೇ ನಕ್ಕು, ಮೊಳದುದ್ದದ ಒಂದು ಸೂಜಿಯನ್ನು ಅವಳ ಕೈಗಿಟ್ಟರು. ಅವಳ ನಾಲಿಗೆಗೂ ಅದೇ ಮೊನೆಯಿದೆ ಎಂದು ಅವತ್ತಿನಿಂದ ಶೆಡ್ಡಿನವರು ಅವಳನ್ನು ಕರೆದದ್ದೂ ಸೂಜಿ ಎಂದೇ.

ರೆಕ್ಕೆ ಹೊಲಿಯಲು ಇಬ್ಬರು ಬೇಕು. ಒಬ್ಬರು ಮೇಲೆ, ಒಬ್ಬರು ಕೆಳಗೆ. ಮೇಲಿನವರು ಮೇಣ ಹಚ್ಚಿದ ದಾರದ ಸೂಜಿಯನ್ನು ಬಟ್ಟೆಯೊಳಗೆ ಇಳಿಸಬೇಕು. ಕೆಳಗಿನವರು ಅದನ್ನು ಹಿಡಿದು, ಮರದ ಪಟ್ಟಿಯ ಆಚೆ ಬದಿಯಿಂದ ಮತ್ತೆ ಮೇಲಕ್ಕೆ ಕಳಿಸಬೇಕು. ಎರಡು ಬೆರಳಗಲಕ್ಕೊಂದು ಗಂಟು. ಒಬ್ಬರಿಗೆ ಇನ್ನೊಬ್ಬರ ಮುಖ ಕಾಣುವುದಿಲ್ಲ. ಸೂಜಿ ಬಂತು ಎಂದರೆ ಆಚೆ ಬದಿಯಲ್ಲಿ ಮನುಷ್ಯನಿದ್ದಾನೆ ಎಂದು ಅರ್ಥ.

ದಿನಾ ಸಂಜೆ ಅಂಗಡಿ ಮುಚ್ಚಿದ ಮೇಲೆ ಎರಡು ಗಂಟೆ ಕಾಲ ಅವಳು ಮೇಲೆ, ಅವನು ಕೆಳಗೆ.

"ಬಂತಾ?"

"ಬಂತು. ಕಳಿಸ್ತೀನಿ."

"ರೀ, ಮೆಲ್ಲಗೆ! ಬೆರಳಿಗೆ ಚುಚ್ಚಿದ್ರಿ!"

"ನಿಮ್ಮ ಬೆರಳು ಅಲ್ಲಿದೆ ಅಂತ ನನಗೇನು ಕನಸು ಬಿತ್ತಾ?"

ಬರಬರುತ್ತಾ ಬಹುವಚನ ಅವನ ಬಾಯಿಂದ ಜಾರಿಹೋಯಿತು. ಐಸ್ ಕಾರ್ಖಾನೆ ಮುಚ್ಚಿದ ದಿನ ಅತ್ತದ್ದನ್ನು ಅವನು ಹೇಳಿದ. ಅಮ್ಮ ತೀರಿಕೊಂಡ ವರ್ಷ ಅಪ್ಪನಿಗೆ ಗೊತ್ತಾಗದಂತೆ ಯಂತ್ರ ಓಡಿಸುತ್ತಾ ಅತ್ತದ್ದನ್ನು ಅವಳು ಹೇಳಿದಳು. ಎದುರೆದುರು ಕೂತಿದ್ದರೆ ಇಬ್ಬರೂ ಹೇಳುತ್ತಿರಲಿಲ್ಲ. ನಡುವೆ ಒಂದು ರೆಕ್ಕೆ ಇತ್ತು, ಅದಕ್ಕೇ ಧೈರ್ಯ ಬಂತು.

ವಿಮಾನ ಹಾರಿತು! ಕಂಪನಿಯೂ ನಡೆಯಿತು. ಒಂದು ವರ್ಷದಲ್ಲಿ ಹದಿನಾಲ್ಕು ಜನ ಕೆಲಸಕ್ಕಿದ್ದರು. ಬಟ್ಟೆ ಸವೆದ ಕಡೆ ಹೊಸದು ಹೊಲಿಯಲು ಅವಳೇ ಬರಬೇಕು. ಬೇರೆ ಯಾರನ್ನೂ ಮಾವ ರೆಕ್ಕೆಯ ಹತ್ತಿರ ಬಿಡುತ್ತಿರಲಿಲ್ಲ.

ಅಂಥ ಒಂದು ಸಂಜೆ ಎಡರೆಕ್ಕೆಯ ಕೊನೆಯ ಪಟ್ಟಿಯನ್ನು ಹೊಲಿಯುತ್ತಿದ್ದರು. ಕೆಳಗಿನಿಂದ ಸೂಜಿ ಬರಲಿಲ್ಲ.

"ಏನಾಯ್ತು? ನಿದ್ದೆ ಹೋದ್ರಾ?"

"ಇಲ್ಲ... ಒಂದು ಮಾತು."

"ಹೇಳಿ."

"ನನ್ನನ್ನ ಮದುವೆ ಆಗ್ತೀಯಾ?"

ಆಮೇಲೆ ಸೂಜಿ ನಿಧಾನವಾಗಿ ಮೇಲೆ ಬಂತು. ಅದನ್ನು ಹಿಡಿದ ಅವಳ ಕೈ ನಡುಗುತ್ತಿತ್ತು, ಮುಖವೆಲ್ಲ ನಗು! ಪಾಪ, ಕೆಳಗಿದ್ದವನಿಗೆ ಅದು ಹೇಗೆ ಕಾಣಬೇಕು?

'ಹೂಂ ಅನ್ನೋದನ್ನ ಬಟ್ಟೆಗೆ ಹೇಳಲಾ? ಮುಖ ನೋಡಿ ಹೇಳ್ಬೇಕು. ನಾಳೆ ಒಳ್ಳೆ ಬಟ್ಟೆ ಹಾಕ್ಕೊಂಡು ಬಂದು...'

"ನಾಳೆ ಹೇಳ್ತೀನಿ," ಎಂದಳು. ಕೊನೆಯ ಗಂಟು ಹಾಕಿ, ದಾರ ಕತ್ತರಿಸಿ, ಅವನು ಹೊರಗೆ ಬರುವುದರೊಳಗೆ ಓಡಿಬಿಟ್ಟಳು.

ಮರುದಿನ ಎಂಟು ಗಂಟೆಗೆ ಅವಳು ಮೈದಾನದ ಬೇಲಿಯ ಹತ್ತಿರ ಬಂದಾಗ ವಿಮಾನ ಹೊರಟು ಅರ್ಧ ಗಂಟೆಯಾಗಿತ್ತು. ಶೆಡ್ಡಿನವರೆಲ್ಲ ಹೊರಗೆ ನಿಂತು ಗುಡ್ಡದ ಕಡೆ ನೋಡುತ್ತಿದ್ದರು. ಅಲ್ಲಿ ಹೊಗೆ ಏಳುತ್ತಿತ್ತು.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

ಮಾವ ಉಳಿಯಲಿಲ್ಲ. ಎಂಜಿನ್ನಿನ ಸದ್ದು ಕೇಳಬೇಕೆಂದು ಅವತ್ತು ಅಳಿಯನ ಪಕ್ಕದಲ್ಲಿ ಕೂತು ಹೋಗಿದ್ದರು. ಕ್ಯಾಪ್ಟನ್ನನ್ನು ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ಹೊರಗೆ ಎಳೆದು ಹಾಕಿದ್ದರಿಂದ ಜೀವ ಉಳಿಯಿತು, ಎಡಗಾಲು ಮೂರು ಕಡೆ ಮುರಿದಿತ್ತು. ವಿಮಾನ ಸುಟ್ಟು ಬೂದಿಯಾಯಿತು.

ಇಪ್ಪತ್ತು ದಿನಕ್ಕೆ ವಿಚಾರಣಾ ಕಚೇರಿಯ ವರದಿ ಬಂತು. ಬದುಕಿ ಉಳಿದವನೊಬ್ಬನೇ ಸಾಕ್ಷಿ. ಅವನ ಹೇಳಿಕೆಯ ಮೇಲೆ ಬರೆದ ಒಂದು ಸಾಲು ಊರೆಲ್ಲ ಓಡಾಡಿತು. ಎಡರೆಕ್ಕೆಯ ಹೊಲಿಗೆ ಬಿಟ್ಟುಕೊಂಡು ಬಟ್ಟೆ ಹರಿದದ್ದೇ ಅಪಘಾತಕ್ಕೆ ಕಾರಣ.

ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಆದರೆ ಆ ರೆಕ್ಕೆ ಹೊಲಿದವಳು ಊರಿಗೆ ಒಬ್ಬಳೇ ಅಲ್ಲವೇ?

'ನಾನು... ನಾನು ಮಾವನ್ನ ಕೊಂದೆ. ಖುಷಿಯಲ್ಲಿ ಕೈ ನಡುಗಿತ್ತು. ಕೊನೆ ಗಂಟು ಸರಿ ಬೀಳಲಿಲ್ಲ...'

ಧೈರ್ಯ ಮಾಡಿ ಆಸ್ಪತ್ರೆಗೆ ಹೋದಳು. ವಾರ್ಡಿನ ಬಾಗಿಲಲ್ಲಿ ನಿಂತಳು. ಹಾಸಿಗೆಯ ಮೇಲಿದ್ದವನು ಒಮ್ಮೆ ನೋಡಿದ. ಮರುಕ್ಷಣ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಒಂದು ಬೈಗುಳ ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. 'ನನ್ನ ಮುಖ ನೋಡೋಕೂ ಅಸಹ್ಯ ಅವರಿಗೆ...' ಮೆಟ್ಟಿಲು ಇಳಿಯುವಾಗ ಕಣ್ಣು ಮಂಜಾಗಿ ಅವಳು ಎರಡು ಸಲ ಎಡವಿದಳು.

ಮರುದಿನ ಯಂತ್ರಕ್ಕೆ ದಾರ ಪೋಣಿಸಲು ಕೂತಳು. ಆಗಲಿಲ್ಲ. ಅದರ ಮರುದಿನವೂ ಆಗಲಿಲ್ಲ. ತಿಂಗಳೊಳಗೆ ಅಂಗಡಿಯ ಬಾಗಿಲು ಹಾಕಿದಳು.

ಮೂರು ವರ್ಷ ಹೀಗೇ ಹೋಯಿತು.

ಅವಳೀಗ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಳೆ. ದಿನಕ್ಕೆ ಆರುನೂರು ಚಾದರ ಮಡಚಬೇಕು. ಹರಿದದ್ದು ಸಿಕ್ಕರೆ ಪಕ್ಕಕ್ಕಿಡುತ್ತಾಳೆ, ಬೇರೆಯವರು ಹೊಲಿಯುತ್ತಾರೆ.

ತಿಂಗಳಿಗೊಮ್ಮೆ ಮಾವನ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಅವಳೇ. ಅತ್ತೆ ಒಳ್ಳೆಯ ಹೆಂಗಸು. ಆ ಒಳ್ಳೆಯತನವನ್ನೇ ಅವಳಿಗೆ ಸಹಿಸಲು ಆಗುತ್ತಿರಲಿಲ್ಲ.

"ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಕಣೇ," ಎನ್ನುತ್ತಿದ್ದರು ಅತ್ತೆ, ಅವಳ ತಲೆ ಸವರುತ್ತಾ. "ಕೈ ತಪ್ಪೋದು ಯಾರಿಗಿಲ್ಲ ಹೇಳು? ಮನಸ್ಸಿಗೆ ಹಚ್ಕೋಬೇಡ."

ಕ್ಷಮಿಸಿದ ಪ್ರತಿ ಸಲವೂ ಅವಳು ಮನೆಗೆ ಬಂದು ಊಟ ಬಿಡುತ್ತಿದ್ದಳು.

ಇತ್ತ ಕ್ಯಾಪ್ಟನ್ ಕುಂಟುತ್ತಲೇ ಎದ್ದು ನಿಂತಿದ್ದ. ಈಗ ಅವನ ಹತ್ತಿರ ಎರಡು ವಿಮಾನ, ಎರಡಕ್ಕೂ ತಗಡಿನ ರೆಕ್ಕೆ. ಪತ್ರಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋದರು, ಸಾಹಸಿ ಎಂದು ಬರೆದರು. ಆ ಪತ್ರಿಕೆಯನ್ನು ಅವನು ಬಿಡಿಸಿಯೂ ನೋಡಲಿಲ್ಲ ಎಂದು ಶೆಡ್ಡಿನವರು ಮಾತಾಡಿಕೊಂಡರು.

ಒಂದು ಮಧ್ಯಾಹ್ನ ಅವಳ ಅಪ್ಪ ಕೋಲು ಊರಿಕೊಂಡು ಶೆಡ್ಡಿಗೆ ಬಂದರು.

ಕ್ಯಾಪ್ಟನ್ ಕುರ್ಚಿ ಎಳೆದು ಕೂರಿಸಿದ. ಆಗ ಅವನ ಕಣ್ಣಿಗೆ ಬಿದ್ದದ್ದು ಮುದುಕರ ಅಂಗಿ. ಎದೆಯ ಎರಡು ಗುಂಡಿ ಇಲ್ಲ. ಅಲ್ಲಿ ಪಿನ್ನು ಚುಚ್ಚಿತ್ತು. ಮೂವತ್ತೈದು ವರ್ಷ ಊರಿಗೆಲ್ಲ ಅಂಗಿ ಹೊಲಿದವರ ಅಂಗಿಗೆ ಪಿನ್ನು!

"ಇದನ್ನೇ ನೋಡ್ತಿದ್ದೀರಾ?" ಎಂದರು ಅಪ್ಪ. "ನನಗೆ ಸೂಜಿ ಕಣ್ಣು ಕಾಣಲ್ಲ. ಅವಳು ಸೂಜಿ ಮುಟ್ಟಲ್ಲ. ಮೂರು ವರ್ಷ ಆಯ್ತು ಸ್ವಾಮಿ, ಮನೆಯಲ್ಲಿ ಒಂದು ಗುಂಡಿ ಹಾಕಿಲ್ಲ. ಅಪ್ಪಾ, ನನ್ನ ಕೈ ಕೊಲೆ ಮಾಡಿದ ಕೈ ಅಂತಾಳೆ."

ಕ್ಯಾಪ್ಟನ್ ಆ ಪಿನ್ನಿನಿಂದ ಕಣ್ಣು ತೆಗೆದ.

"ನಾನು ಜಗಳಕ್ಕೆ ಬಂದಿಲ್ಲ. ಒಂದೇ ಒಂದು ಕೇಳ್ಬೇಕು. ಹರಿದ ದಾರದ ತುದಿ ನಾರು ನಾರಾಗಿರುತ್ತೆ. ಕತ್ತರಿ ಬಿದ್ದಿದ್ರೆ ಒಪ್ಪವಾಗಿರುತ್ತೆ. ಸುಡೋಕೆ ಮುಂಚೆ ನೀವು ಅವಳ ದಾರ ನೋಡಿದ್ರಾ? ಹೇಗಿತ್ತು ತುದಿ? ಅವಳಿಗೆ ಹೊಲಿಗೆ ಕಲಿಸಿದವನು ನಾನು. ಅವಳ ಗಂಟು ಬಿಟ್ಟಿದ್ದನ್ನ ನಾನು ಒಂದು ಸಲಾನೂ ನೋಡಿಲ್ಲ."

ಆ ಪೊರೆ ಬಂದ ಕಣ್ಣುಗಳು ಅವನ ಮುಖವನ್ನೇ ಹುಡುಕುತ್ತಿದ್ದವು. ಕ್ಯಾಪ್ಟನ್ ಗೋಡೆಗೆ ಒರಗಿ ನಿಂತ. ವರದಿಗೆ, ಪತ್ರಿಕೆಗೆ, ಹದಿನಾಲ್ಕು ಜನರಿಗೆ ಮೂರು ವರ್ಷ ಸುಳ್ಳು ಹೇಳಿದವನಿಗೆ ಈ ಮುದುಕರ ಮುಂದೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಒಂದು ವಾರ ಕೊಡಿ," ಎಂದಷ್ಟೇ ಹೇಳಿದ. "ನಾನೇ ಬಂದು ಅವಳಿಗೆ ಹೇಳ್ತೀನಿ."

ಏಳನೇ ದಿನ ಅವನು ಕೋಲು ಊರಿಕೊಂಡು ಲಾಂಡ್ರಿಯ ಬಾಗಿಲಲ್ಲಿ ನಿಂತಿದ್ದ.

ಒಳಗೆ ಬಿಸಿ ಆವಿ, ಸೋಪಿನ ವಾಸನೆ. ಉದ್ದನೆಯ ಮೇಜಿನ ಮೇಲೆ ಚಾದರಗಳ ರಾಶಿ. ಅವಳು ಬೆನ್ನು ಹಾಕಿ ಮಡಚುತ್ತಿದ್ದಳು. ತೆಳ್ಳಗಾಗಿದ್ದಳು. ಕುಂಟು ಹೆಜ್ಜೆಯ ಸದ್ದು ಕೇಳಿ ತಿರುಗಿದಳು.

ಮೂರು ವರ್ಷ ಈ ಮುಖವನ್ನು ದೂರದಿಂದಲೂ ನೋಡದಂತೆ ದಾರಿ ಬದಲಿಸಿ ನಡೆದಿದ್ದಳು.

"ಬೈಯೋಕೆ ಬಂದಿದ್ರೆ ಬೈದುಬಿಡಿ," ಎಂದಳು, ಚಾದರದಿಂದ ಕಣ್ಣೆತ್ತದೆ. "ತಡವಾಯ್ತು. ಆದ್ರೂ ಕೇಳ್ತೀನಿ."

"ನಿನ್ನ ಹೊಲಿಗೆ ಬಿಡಲಿಲ್ಲ."

ಅವಳ ಕೈ ನಿಂತಿತು.

"ಏನಂದ್ರಿ?"

"ಬಿಡಲಿಲ್ಲ. ನಾನು ಕತ್ತರಿಸಿದೆ."

ಯಂತ್ರಗಳ ಸದ್ದಿನಲ್ಲಿ ಅವನು ಗಟ್ಟಿಯಾಗಿ ಹೇಳಬೇಕಾಯಿತು. ಮಡಚುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅವನು ದನಿ ತಗ್ಗಿಸಲಿಲ್ಲ.

"ಅವತ್ತು ಬೆಳಿಗ್ಗೆ ಎಡರೆಕ್ಕೆಯೊಳಗಿನ, ವಿಮಾನ ತಿರುಗಿಸೋ ತಂತಿ ಬಿಗಿ ಅನ್ನಿಸ್ತು. ಒಳಗೆ ನೋಡೋಕೆ ಒಂದು ಮೊಳ ಹೊಲಿಗೆ ಕತ್ತರಿಸಿದೆ. ತಂತಿಗೆ ಎಣ್ಣೆ ಹಾಕಿದೆ. ಮೇಲೆ ಅಂಟಿನ ಪಟ್ಟಿ ಹಚ್ಚಿ ಮುಚ್ಚಿದೆ, ವಾಪಸ್ ಬಂದ ಮೇಲೆ ನಿನ್ನ ಕೈಲಿ ಹೊಲಿಸಿದ್ರಾಯ್ತು ಅಂತ. ಮಾವನಿಗೆ ಹೇಳಲಿಲ್ಲ. ಹೇಳಿದ್ರೆ ಹಾರೋಕೆ ಬಿಡ್ತಿರಲಿಲ್ಲ. ಗಾಳಿಗೆ ಪಟ್ಟಿ ಕಿತ್ತುಹೋಯ್ತು, ಬಟ್ಟೆ ಉದ್ದಕ್ಕೂ ಹರೀತು. ನಿನ್ನ ಗಂಟುಗಳು ಕೊನೆವರೆಗೂ ಹಿಡಿದಿದ್ವು, ಸೂಜಿ. ಅವುಗಳಿಂದಲೇ ಹೊಲದವರೆಗಾದ್ರೂ ಬಂದೆ."

ಅವಳು ತನ್ನ ಎರಡೂ ಅಂಗೈಯನ್ನು ಮೇಜಿನ ಮೇಲಿಟ್ಟು ನೋಡುತ್ತಾ ನಿಂತಳು.

"ನಮ್ಮ ಮನೆ ಹತ್ತು ನಿಮಿಷದ ದಾರಿ," ಎಂದಳು ಕೊನೆಗೆ. "ಹತ್ತು ನಿಮಿಷ! ಒಂದು ಮೊಳ ಹೊಲಿಯೋಕೆ ಇನ್ನೊಂದು ಅರ್ಧ ಗಂಟೆ. ಯಾಕೆ ಕರೀಲಿಲ್ಲ ನನ್ನನ್ನ?"

ಅವನು ತಲೆ ತಗ್ಗಿಸಿದ.

"ಶೆಡ್ಡಿನ ಬೈಕಿನ ಕೀಲಿ ಕೈಗೆ ತಗೊಂಡೆ... ಮತ್ತೆ ಇಟ್ಟುಬಿಟ್ಟೆ."

"ಯಾಕೆ?"

"ನಾಳೆ ಹೇಳ್ತೀನಿ ಅಂದಿದ್ದೆ ನೀನು. ಬೆಳಿಗ್ಗೆ ಆರಕ್ಕೇ ಬಾಗಿಲು ತಟ್ಟಿದ್ರೆ... ಉತ್ತರಕ್ಕೆ ಆತುರ ಬಿದ್ದು ಬಂದಿದ್ದಾನೆ ಅಂದ್ಕೊಳ್ತೀಯ ಅಂತ... ನಾಚಿಕೆ ಆಯ್ತು."

ಅವಳ ಬಾಯಿಂದ ಒಂದು ವಿಚಿತ್ರ ಸದ್ದು ಬಂತು. ನಗುವೋ, ಅಳುವೋ, ಅವಳಿಗೇ ತಿಳಿಯಲಿಲ್ಲ. ಇಷ್ಟಕ್ಕೆ! ಇಷ್ಟೇ ಇಷ್ಟು ನಾಚಿಕೆಗೆ ಮಾವ ಹೋದರು!

"ಆಮೇಲೆ? ವರದಿಯಲ್ಲಿ ಯಾಕೆ ಹಾಗೆ ಹೇಳಿದ್ರಿ?"

"ಕಂಪನಿ ಮುಚ್ಚುತ್ತೆ, ಹದಿನಾಲ್ಕು ಮನೆ ಬೀದಿಗೆ ಬರುತ್ತೆ ಅಂತ ಹೇಳ್ಕೊಂಡೆ. ಅದೂ ಸುಳ್ಳು. ಹೆದರಿದೆ. ನನ್ನನ್ನ ಎತ್ತಿ ಆಡಿಸಿದ ಮಾವನ್ನ ನಾನೇ ಕೊಂದೆ ಅಂತ ನಾಲ್ಕು ಜನ ಅನ್ನೋದನ್ನ ಕೇಳೋ ಧೈರ್ಯ ಇರಲಿಲ್ಲ. ಹೊಲಿಗೆ ಅಂದೆ, ಹೊಲಿದವಳು ಅನ್ನಲಿಲ್ಲವಲ್ಲ ಅಂತ ಸಮಾಧಾನ ಮಾಡ್ಕೊಂಡೆ. ನೀನು ವಾರ್ಡಿಗೆ ಬಂದೆ. ನಿನ್ನ ಮುಖ ನೋಡಿದ್ರೆ ಬಾಯಿ ಬಿಟ್ಟುಬಿಡ್ತೀನಿ ಅಂತ ಗೋಡೆ ಕಡೆ ತಿರುಗಿದೆ."

ಅವಳು ಮೇಜು ಸುತ್ತಿ ಬಂದಳು. ಎರಡು ಮುಷ್ಟಿಯಿಂದ ಅವನ ಎದೆಗೆ ಗುದ್ದಿದಳು. ಒಂದು, ಎರಡು, ಮೂರು... ಅವನು ಕೋಲು ಬಿದ್ದರೂ ಅಲ್ಲಾಡಲಿಲ್ಲ.

"ಮೂರು ವರ್ಷ! ಊಟ ಮಾಡೋ ಕೈ ನೋಡಿದ್ರೆ ವಾಕರಿಕೆ ಬರ್ತಿತ್ತು ನನಗೆ! ಅತ್ತೆ ನನ್ನನ್ನ ಕ್ಷಮಿಸ್ತಾರೆ, ಗೊತ್ತಾ? ತಿಂಗಳು ತಿಂಗಳು ತಲೆ ಸವರಿ ಕ್ಷಮಿಸ್ತಾರೆ! ನೀವು ಅಲ್ಲಿ ಫೋಟೋಗೆ ನಿಂತ್ಕೊಂಡಿದ್ರಿ!"

"ಹೌದು."

"ಹೌದು ಅನ್ಬೇಡಿ!"

ಅವಳ ಕೈ ಸೋತಿತು. ಪಕ್ಕದ ಹೆಂಗಸೊಬ್ಬಳು ಬಂದು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಕೊಟ್ಟು, ಅವನನ್ನು ಸುಟ್ಟುಬಿಡುವ ಹಾಗೆ ನೋಡಿ ಹೋದಳು.

"ಕಚೇರಿಗೆ ಬರೆದುಕೊಟ್ಟು ಬಂದೆ," ಎಂದ ಅವನು. "ಎಲ್ಲಾ. ಸಹಿ ಹಾಕಿ. ಕೇಸು ಮತ್ತೆ ತೆರೀತಾರೆ. ನನ್ನ ಲೈಸೆನ್ಸು ನಿನ್ನೆ ತಗೊಂಡ್ರು. ಇನ್ನು ಹಾರೋಕಾಗಲ್ಲ... ಬಹುಶಃ ಯಾವತ್ತೂ. ಕಂಪನಿ ಹುಡುಗರು ನಡೆಸ್ಕೊಂಡು ಹೋಗ್ತಾರೆ, ಅವರ ಹೆಸರಿಗೆ ಮಾಡಿದ್ದೀನಿ. ಇದನ್ನ ಹೇಳಿ ನಿನ್ನಿಂದ ಏನೋ ಕೇಳೋಕೆ ಬಂದಿಲ್ಲ. ನಿನ್ನ ಕೈಯಲ್ಲಿ ತಪ್ಪಿಲ್ಲ ಅಂತ ನನ್ನ ಬಾಯಲ್ಲೇ ಹೇಳ್ಬೇಕಿತ್ತು, ಅಷ್ಟೇ."

ಬಗ್ಗಿ ಕೋಲು ಎತ್ತಿಕೊಂಡು ಹೊರಟ.

ಅವಳು ಅವನ ಬೆನ್ನು ನೋಡಿದಳು. ಆಕಾಶವೇ ಮನೆ ಎಂದುಕೊಂಡಿದ್ದವನು ನೆಲದ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಿದ್ದ. ಅವಳ ಎದೆಯಲ್ಲಿ ಕೆಂಡದಂಥ ಸಿಟ್ಟಿತ್ತು. ಅದರ ಜೊತೆಗೇ ಮೂರು ವರ್ಷ ಸಾಯಿಸಿದರೂ ಸಾಯದ ಇನ್ನೊಂದೂ ಇತ್ತು. ಹಾಳಾದ್ದು, ಹೋಗೆಂದರೂ ಹೋಗುವುದಿಲ್ಲ!

"ನಿಲ್ಲಿ."

ಅವನು ನಿಂತ.

"ಅವತ್ತು ಎಂಟಕ್ಕೆ ನಾನು ಮೈದಾನಕ್ಕೆ ಬಂದಿದ್ದೆ. ಹೂಂ ಅನ್ನೋಕೆ."

ಅವನ ಮುಖ ನೋಡಲು ಅವಳಿಗೆ ಆಗಲಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ಅವನು ಅತ್ತ. ಮೂರು ವರ್ಷದ ಅಳು ಅದು, ಸದ್ದಿಲ್ಲದೆ ಬಂತು.

ಅವಳು ಎದ್ದು ಹತ್ತಿರ ಹೋದಳು. ಮುಟ್ಟಲಿಲ್ಲ. ಪಕ್ಕದಲ್ಲಿ ನಿಂತಳು.

"ಆ ಹೂಂ ಈಗ ಇಲ್ಲ," ಎಂದಳು ಮೆಲ್ಲಗೆ. "ಅದನ್ನ ಹೇಳಬೇಕಾಗಿದ್ದವಳೂ ಇಲ್ಲ. ಸುಳ್ಳು ಹೇಳಲ್ಲ ನಾನು."

"ಗೊತ್ತು."

"ಅತ್ತೆಗೆ ಹೇಳಿದ್ರಾ?"

ಅವನು ಇಲ್ಲ ಎಂದು ತಲೆಯಾಡಿಸಿದ. "ಕಚೇರಿಗೆ ಹೇಳೋಕಾಯ್ತು. ನಿನಗೂ ಹೇಳಿದೆ. ಅವರ ಮನೆ ಬೀದಿವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ."

ಅವಳು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದಳು. ಮೇಲ್ವಿಚಾರಕಿಗೆ ಕೈಸನ್ನೆ ಮಾಡಿ ಹೊರಗೆ ಬಂದಳು. ಬಿಸಿಲು ಚುರುಗುಟ್ಟುತ್ತಿತ್ತು. ಅವನ ಕುಂಟು ನಡಿಗೆಗೆ ತಕ್ಕಂತೆ ನಿಧಾನವಾಗಿ ನಡೆದಳು.

ಅತ್ತೆಯ ಮನೆಯ ಹಸಿರು ಬಾಗಿಲು ಅರ್ಧ ತೆರೆದಿತ್ತು. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅವನು ಮೆಟ್ಟಿಲ ಹತ್ತಿರ ನಿಂತುಬಿಟ್ಟ.

"ಒಳಗೆ ನೀವೊಬ್ರೇ ಹೋಗ್ಬೇಕು," ಎಂದಳು ಅವಳು. "ನಾನು ಬಂದ್ರೆ ಅವರು ಅಳೋಕೂ ಸಂಕೋಚ ಪಡ್ತಾರೆ."

"ಅವರು ಬಾಗಿಲು ಹಾಕಿಬಿಟ್ರೆ?"

"ಹಾಕಲಿ. ಅದು ಅವರ ಹಕ್ಕು. ಹೇಳಿ ಬನ್ನಿ."

ಅವನು ಒಂದು ಮೆಟ್ಟಿಲು ಹತ್ತಿದ. ತಿರುಗಿ ನೋಡಿದ. ಗುಡ್ಡ ದಾಟಿ ಬಿರುಗಾಳಿಯಲ್ಲಿ ವಿಮಾನ ಇಳಿಸಿದವನ ಕಣ್ಣಿನಲ್ಲಿ ಹೆದರಿಕೆ ತುಂಬಿತ್ತು.

"ನಾನು ಹೊರಗೆ ಬಂದಾಗ... ನೀನು ಇಲ್ಲೇ ಇರ್ತೀಯಾ?"

ಅವಳು ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಕೂತಳು.

"ಸಿಟ್ಟು ಇರುತ್ತೆ," ಎಂದಳು. "ನಾನೂ ಇರ್ತೀನಿ. ಹೋಗಿ."